ಅಡಕತ್ತರಿಯ ಜಾಗದಲ್ಲಿ ಪೆನ್ನು

ಹೋದ ವರ್ಷ ಪುಷ್ಯ ಮಳೆ ಹಿಡಿದ ಮೂರನೇ ದಿನ ನನ್ನ ಪೆನ್ ಕೇಸಿಗೆ ಬೂಷ್ಟು ಬಂತು. ಚರ್ಮದ್ದು, ಮೂರು ಪೆನ್ನು ಹಿಡಿಯುವಂಥದ್ದು. 1,450 ರೂಪಾಯಿ ಕೊಟ್ಟು ತರಿಸಿದ್ದೆ. ಕಪಾಟು ತೆಗೆದು ನೋಡಿದರೆ ಅದರ ಮೇಲೆ ಯಾರೋ ಅಕ್ಕಿಹಿಟ್ಟು ಉದುರಿಸಿದ ಹಾಗಿತ್ತು. ಒರೆಸಿದೆ. ನಾಲ್ಕು ದಿನಕ್ಕೆ ಮತ್ತೆ ಬಂತು. ಮತ್ತೆ ಒರೆಸಿದೆ. ಮೂರನೇ ಸಲ ನೋಡುವಾಗ ಒಳಗಿನ ಬಟ್ಟೆಗೂ ಹತ್ತಿತ್ತು.

ನಮ್ಮದು ಸಾಗರದ ಹತ್ತಿರದ ಹಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿ, ಬೆಲ್ಟು, ಪರ್ಸು ಯಾವುದನ್ನೂ ಮೂಲೆಯಲ್ಲಿ ಮರೆತು ಬಿಡುವ ಹಾಗಿಲ್ಲ. ಇದೆಲ್ಲ ಗೊತ್ತಿದ್ದೂ ಚರ್ಮದ ಕೇಸು ತರಿಸಿದ್ದು ನನ್ನದೇ ದಡ್ಡತನ. "ಬಚ್ಚಲ ಒಲೆ ಹತ್ರ ಇಡು, ಒಣಗ್ತದೆ" ಅಂದರು ಅತ್ತೆ. ಇಟ್ಟೆ. ಒಣಗಿತು. ಹಪ್ಪಳದ ಹಾಗೆ ಸೆಟೆದುಕೊಂಡಿತು, ಮೇಲಿನಿಂದ ಹೊಗೆ ವಾಸನೆ ಬೇರೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ಹತ್ತಿರ ಏಳು ಶಾಯಿ ಪೆನ್ನುಗಳಿವೆ. ದಿನಾ ಶಾಲೆಗೆ ಹೋಗುವುದು ಮೂರು. ನೀಲಿ ಒಂದು, ಕಪ್ಪು ಒಂದು, ಪೇಪರ್ ತಿದ್ದುವುದಕ್ಕೆ ಕೆಂಪು ಒಂದು. ಹಾಜರಿ ಪುಸ್ತಕ, ಟಿಫಿನ್ ಡಬ್ಬಿ, ಬೀಗದ ಕೈ, ಕೊಡೆ ಎಲ್ಲ ಒಂದೇ ಬ್ಯಾಗಿನಲ್ಲಿ ಹೋಗುವಾಗ ಪೆನ್ನಿಗೆ ಒಂದು ಮನೆ ಬೇಕೇ ಬೇಕು. ಇನ್ನೊಂದು 1,450 ಕೊಡುವ ಮನಸ್ಸಿರಲಿಲ್ಲ. ಆ ಭಾನುವಾರ ಮಳೆ ಬಿಡಲಿಲ್ಲ, ಕರೆಂಟೂ ಇರಲಿಲ್ಲ. ಸುಮ್ನೆ ಕೂತು ಏನು ಮಾಡುವುದು ಅಂತ ಮನೆಯಲ್ಲಿ ಇರುವ ಚೀಲಗಳನ್ನೆಲ್ಲ ತಂದು ಜಗಲಿಯಲ್ಲಿ ಹರವಿದೆ.

ಎಷ್ಟು ಚೀಲ ಅಂತೀರಿ! ಮದುವೆ, ಉಪನಯನ, ಗೃಹಪ್ರವೇಶಗಳ ತಾಂಬೂಲದ ಚೀಲಗಳೇ ಮೂವತ್ತರ ಮೇಲಿದ್ದವು. ಬಂಗಾರದ ಅಂಗಡಿಯ ಮಖಮಲ್ಲಿನ ಪುಟ್ಟ ಚೀಲಗಳು. ಸೀರೆಯ ಜೊತೆ ಬಂದ ಜಿಪ್ಪಿನ ಪ್ಲಾಸ್ಟಿಕ್ ಕವರು. ಮಾವನವರ ಬಿಪಿ ಮಷೀನಿನ ಚೀಲ. ನನ್ನ ಅಮ್ಮ ಕೊಟ್ಟಿದ್ದ, ಕ್ರೋಶಾ ಕಡ್ಡಿಗಳನ್ನಿಡುವ ಬಟ್ಟೆಯ ಸುರುಳಿ. ಹಳೇ ಕನ್ನಡಕಗಳ ಡಬ್ಬಿ ನಾಲ್ಕು. ಯಜಮಾನರು ಕೊಡೆ ಕಳೆದುಕೊಂಡು ಕವರು ಮಾತ್ರ ಮನೆಗೆ ತಂದದ್ದು ಎರಡು. (ಕೊಡೆ ಕಳೆದು ಕವರು ಉಳಿಸಿಕೊಳ್ಳುವುದು ಹೇಗೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.)

ಮೊದಲು ಲೆಕ್ಕ ಹಾಕಿದೆ. ಗಣಿತದ ಟೀಚರ್ ಅಲ್ವಾ. ಮುಚ್ಚಳ ಹಾಕಿದ ಪೆನ್ನು ಸಾಮಾನ್ಯವಾಗಿ 13ರಿಂದ 15 ಸೆಂಟಿಮೀಟರ್ ಉದ್ದ. ನನ್ನ ಲ್ಯಾಮಿ ಸಫಾರಿ 14 ಇದೆ. ಪೈಲಟ್ ಮೆಟ್ರೋಪಾಲಿಟನ್ ಅದಕ್ಕಿಂತ ಎರಡು ಮಿಲಿಮೀಟರ್ ಕಡಿಮೆ. ಪುಟಾಣಿ ಕವೇಕೊ ಸ್ಪೋರ್ಟ್ ಹತ್ತೂವರೆ. ಉದ್ದದ್ದೇನೂ ತೊಂದರೆಯಿಲ್ಲ, ಎಡವುವುದು ಅಗಲದಲ್ಲಿ. 13 ಮಿಲಿಮೀಟರ್ ದಪ್ಪದ ಪೆನ್ನಿನ ಸುತ್ತಳತೆ 41 ಮಿಲಿಮೀಟರ್ ಆಗುತ್ತದೆ. ಚಪ್ಪಟೆ ಬಟ್ಟೆಯ ಜೇಬು ಅದನ್ನು ಎರಡು ಕಡೆಯಿಂದ ಅಪ್ಪಿಕೊಳ್ಳಬೇಕು. ಅಂದರೆ ಜೇಬಿನ ಅಗಲ ಕಡಿಮೆಯೆಂದರೂ 21 ಮಿಲಿಮೀಟರ್. ಕ್ಲಿಪ್ಪಿಗೆ ಒಂದಿಷ್ಟು, ಬಟ್ಟೆಯ ದಪ್ಪಕ್ಕೆ ಒಂದಿಷ್ಟು, ಬೆರಳು ಹೋಗುವುದಕ್ಕೆ ಒಂದಿಷ್ಟು ಸೇರಿಸಿದರೆ 3 ಸೆಂಟಿಮೀಟರ್ ಬೇಕು. ದಪ್ಪ ಎಬೊನೈಟ್ (ಗಟ್ಟಿ ರಬ್ಬರಿನ) ಪೆನ್ನಿಗೆ ಮೂರೂವರೆ.

ಈ ಲೆಕ್ಕದಲ್ಲಿ ಅಮ್ಮನ ಕ್ರೋಶಾ ಸುರುಳಿ ಬಿದ್ದುಹೋಯಿತು. ನನಗೆ ನಿಜಕ್ಕೂ ಬೇಸರವಾಯಿತು. ನೋಡಿದರೆ ಪೆನ್ನಿಗೇ ಮಾಡಿದ ಹಾಗಿತ್ತು. ಕ್ರೋಶಾ ಕಡ್ಡಿಯೂ ಸುಮಾರು 15 ಸೆಂಟಿಮೀಟರೇ ಇರುತ್ತದೆ. ಮೇಲೆ ಮಡಚುವ ಪಟ್ಟಿ, ಸುತ್ತಿ ಕಟ್ಟಲು ಲಾಡಿ, ಎಲ್ಲ ಇದೆ. ಆದರೆ ಜೇಬುಗಳು ಎರಡು ಸೆಂಟಿಮೀಟರ್ ಕೂಡ ಇಲ್ಲ. ನನ್ನ ಸಣಕಲು ಹೀರೋ ಪೆನ್ನು ಹೇಗೋ ತೂರಿತು, ಹೊರಗೆ ಎಳೆಯುವಾಗ ಮುಚ್ಚಳ ನನ್ನ ಕೈಯಲ್ಲಿ, ಪೆನ್ನು ಒಳಗೆ. ಎರಡು ಜೇಬಿಗೊಂದರಂತೆ ನಡುವಿನ ಹೊಲಿಗೆ ಬಿಚ್ಚಿದರೆ ಸರಿಹೋಗುತ್ತಿತ್ತು. ಕತ್ತರಿ ತೆಗೆದುಕೊಂಡೆ ಕೂಡ. ಅಮ್ಮನ ಹೊಲಿಗೆ ಬಿಚ್ಚುವುದಕ್ಕೆ ಕೈ ಬರಲಿಲ್ಲ, ಹಾಗೇ ಒಳಗಿಟ್ಟೆ.

ತಾಂಬೂಲದ ಚೀಲಗಳದ್ದು ಬೇರೆ ರಗಳೆ. ಅಂದ ಚೆನ್ನಾಗಿದೆ, ಜರಿ ಅಂಚು ಇದೆ, ಲಾಡಿ ಎಳೆದರೆ ಮುಚ್ಚುತ್ತದೆ. ಆದರೆ ಒಳಗೆ ಪೆನ್ನು ಅಡ್ಡಡ್ಡ ಉರುಳುತ್ತದೆ. ಒಮ್ಮೆ ನಿಬ್ಬು ಮೇಲೆ, ಒಮ್ಮೆ ಕೆಳಗೆ. ಜೊತೆಗೆ ಎರಡನೇ ಪೆನ್ನಿದ್ದರೆ ಒಂದಕ್ಕೊಂದು ಗೀರು. ಶಾಯಿ ಬಾಟಲಿಗೆ ಮಾತ್ರ ಇವು ಬಹಳ ಒಳ್ಳೆಯವು. 60 ಎಂಎಲ್ ಬಾಟಲಿ ಒಂದರಲ್ಲಿ ಒಂದು ಕೂರುತ್ತದೆ, ಸೋರಿದರೂ ಪಕ್ಕದ ಪುಸ್ತಕಕ್ಕೆ ಹೋಗುವ ಮೊದಲು ಬಟ್ಟೆ ಸ್ವಲ್ಪ ಕುಡಿಯುತ್ತದೆ. ಈಗ ನನ್ನ ಬಾಟಲಿಗಳೆಲ್ಲ ರೇಷ್ಮೆ ಅಂಗಿ ಹಾಕಿಕೊಂಡು ಸಾಲಾಗಿ ನಿಂತಿವೆ. ನೋಡಿದವರು ಯಾರದು ಮದುವೆ ಅಂತಾರೆ.

ಮಖಮಲ್ಲಿನ ಚೀಲದಲ್ಲಿ ಕವೇಕೊ ಇಟ್ಟು ಎರಡು ವಾರ ಓಡಾಡಿಸಿದೆ. ಗಾತ್ರ ಹೇಳಿ ಮಾಡಿಸಿದ ಹಾಗೆ. ಆದರೆ ಮಖಮಲ್ಲು ನೂಲು ಬಿಡುತ್ತದೆ. ಬಣ್ಣಬಣ್ಣದ ಕೂದಲೆಳೆ. ಒಂದು ದಿನ ಬರೆಯುವಾಗ ಅಕ್ಷರಕ್ಕೆಲ್ಲ ಮೀಸೆ ಬಂದ ಹಾಗೆ ಗೆರೆ ಎರಡೆರಡಾಗಿ ಎಳೆಯತೊಡಗಿತು. ನಿಬ್ಬಿನ ಸೀಳಿನಲ್ಲಿ ಒಂದು ಕೆಂಪು ಎಳೆ ಸಿಕ್ಕಿಕೊಂಡಿತ್ತು. ಮುಚ್ಚಳದ ಒಳಗೆ ಹೇಗೆ ಹೋಯಿತೋ! ಬಹುಶಃ ನನ್ನ ಬೆರಳಿನಿಂದಲೇ.

ಪ್ಲಾಸ್ಟಿಕ್ ಕವರಿನ ಕಥೆ ನಮ್ಮ ಮಕ್ಕಳಿಗೇ ಗೊತ್ತು. ಕಂಪಾಸ್ ಪೆಟ್ಟಿಗೆಯಲ್ಲಿ ರಬ್ಬರು ಸ್ಕೇಲಿಗೆ ಅಂಟಿಕೊಂಡು ಸ್ಕೇಲನ್ನೇ ಕರಗಿಸಿದ್ದನ್ನು ಯಾರು ನೋಡಿಲ್ಲ? ಮೆದು ಪಿವಿಸಿಯಲ್ಲಿ ಅದನ್ನು ಮೆತ್ತಗಿಡುವ ಎಣ್ಣೆಯಂಥದ್ದು ಇರುತ್ತದೆ. ಅದು ನಿಧಾನಕ್ಕೆ ಹೊರಗೆ ಬಂದು ಪಕ್ಕದ ಪ್ಲಾಸ್ಟಿಕ್ಕಿಗೆ ಹತ್ತುತ್ತದೆ. ಸೀರೆ ಕವರೂ ಅದೇ ಜಾತಿ ಇರಬಹುದು. ಮೇಲಿಂದ ನಮ್ಮ ಮಳೆಗಾಲದಲ್ಲಿ ಆ ಕವರು ಒಳಗೇ ಬೆವರುತ್ತದೆ. ಬೇಡ.

ಕೊಡೆಯ ಕವರು ಸುಮಾರು ದಿನ ನಡೆಯಿತು. ಅಗಲ ಐದು ಸೆಂಟಿಮೀಟರ್, ಮೆದು ನೈಲಾನು, ನೀರು ಹಿಡಿಯದ ಬಟ್ಟೆ. ಉದ್ದ ಜಾಸ್ತಿಯಾದ್ದರಿಂದ ಪೆನ್ನು ತಳಕ್ಕೆ ಇಳಿಸಿ ಮೇಲಿನರ್ಧ ಮಡಚಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದೆ. ಒಂದು ಪೆನ್ನಿಗೆ ಇಷ್ಟು ಸಾಕು. ಆದರೆ ನಮ್ಮ ಮನೆಯಲ್ಲಿ ಕೊಡೆಯ ಕವರು ಕಂಡರೆ ಎಲ್ಲರಿಗೂ ಅದು ಕೊಡೆಯ ಕವರೇ. ಒಂದು ಬೆಳಿಗ್ಗೆ ಯಜಮಾನರು ರಬ್ಬರ್ ಬ್ಯಾಂಡ್ ಕಿತ್ತು, "ಒಳಗೆ ಎಂತದೋ ಇದೆ" ಅಂತ ಕೊಡವಿದರು. ಪೈಲಟ್ ಪೆನ್ನು ಅಂಗಳದ ಕಲ್ಲಿನ ಮೇಲೆ ಬಿತ್ತು. ಹಿತ್ತಾಳೆಯ ಮೈ ಆದ್ದರಿಂದ ಒಡೆಯಲಿಲ್ಲ. ಒಂದು ಗುಳಿ ಬಿತ್ತು ಅಷ್ಟೆ. ಅವರು ಆ ಗುಳಿಯನ್ನು ಹೆಬ್ಬೆರಳಿನಿಂದ ಉಜ್ಜಿ, "ಕಾಣೂದೇ ಇಲ್ಲ" ಅಂದರು. ನನಗೆ ಕಾಣುತ್ತದೆ.

ಕನ್ನಡಕದ ಡಬ್ಬಿಯ ಬಗ್ಗೆ ಒಳ್ಳೆಯ ಮಾತೇ ಹೇಳಬೇಕು. ಬಸ್ಸಿನಲ್ಲಿ ನಿಂತು ಹೋಗುವವರಿಗೆ ಇದಕ್ಕಿಂತ ಬೇರೆ ಬೇಡ. ಗಟ್ಟಿ, ಟಪ್ಪನೆ ಮುಚ್ಚುತ್ತದೆ, ಮೈಮೇಲೆ ಬಿದ್ದವರ ಮೊಣಕೈ ತಡೆಯುತ್ತದೆ. ಎರಡು ಪೆನ್ನು ಹಿಡಿಯುತ್ತದೆ. ನಡುವೆ ಕನ್ನಡಕ ಒರೆಸುವ ಬಟ್ಟೆಯನ್ನು ಹಾವಿನ ಹಾಗೆ ಅಂಕುಡೊಂಕಾಗಿ ಹಾಯಿಸಿದರೆ ಗೀರುವುದೂ ಇಲ್ಲ, ಗಲಗಲ ಸದ್ದೂ ಇಲ್ಲ. ಒಂದೇ ಕೊರತೆ: ಡಬ್ಬಿ ಬ್ಯಾಗಿನಲ್ಲಿ ಮಲಗಿಕೊಳ್ಳುತ್ತದೆ, ನಿಲ್ಲುವುದಿಲ್ಲ.

ನಿಲ್ಲುವುದು ಯಾಕೆ ಮುಖ್ಯ ಅಂದರೆ ಗೇರುಸೊಪ್ಪೆ ಘಾಟಿ. ನನ್ನ ತವರು ಹೊನ್ನಾವರದ ಕಡೆ, ಸಮುದ್ರದ ಮಟ್ಟ. ಸಾಗರ ಸುಮಾರು 600 ಮೀಟರ್ ಎತ್ತರ. ಘಾಟಿ ಹತ್ತುವಾಗ ಹೊರಗಿನ ಗಾಳಿಯ ಒತ್ತಡ ನೂರಕ್ಕೆ ಏಳರಷ್ಟು ಇಳಿಯುತ್ತದೆ. ಪೆನ್ನಿನೊಳಗಿನ ಗಾಳಿ ಅಷ್ಟೇ ಹಿಗ್ಗುತ್ತದೆ. ನನ್ನ ಹತ್ತಿರ ರಾಜಮಂಡ್ರಿಯ ಒಂದು ಎಬೊನೈಟ್ ಪೆನ್ನಿದೆ. 1930ರ ದಶಕದಲ್ಲಿ, ಗಾಂಧೀಜಿಯ ಸ್ವದೇಶಿ ಮಾತಿಗೆ ಓಗೊಟ್ಟು ಕೆ.ವಿ. ರತ್ನಂ ಪೆನ್ನು ಮಾಡಿದ ಊರು ಅದು. ನನ್ನದು ಡ್ರಾಪರಿನಲ್ಲಿ ಶಾಯಿ ತುಂಬುವ ಹಳೇ ಮಾದರಿ. ಇಡೀ ಮೈಯೇ ಶಾಯಿ ಟ್ಯಾಂಕು. ಪೂರ್ತಿ ತುಂಬಿದ್ದರೆ ಒಳಗೆ ಗಾಳಿಗೆ ಜಾಗವಿಲ್ಲ, ತೊಂದರೆಯೂ ಇಲ್ಲ. ಅರ್ಧ ಖಾಲಿಯಾದಾಗ ಘಾಟಿ ಹತ್ತಿಸಿದರೆ ಹಿಗ್ಗಿದ ಗಾಳಿ ಶಾಯಿಯನ್ನು ಹೊರಗೆ ದಬ್ಬುತ್ತದೆ. ನಿಬ್ಬು ಮೇಲಿದ್ದರೆ ಗಾಳಿ ಮಾತ್ರ ಹೋಗುತ್ತದೆ. ಮಲಗಿದ್ದರೋ ಕೆಳಮುಖವಾಗಿದ್ದರೋ ಮುಚ್ಚಳದ ತುಂಬ ಶಾಯಿ. ಮೊದಲ ಸಲ ಇದು ಆದಾಗ ನಾನು ಪೆನ್ನನ್ನೇ ಬೈದಿದ್ದೆ. ಅನಿಲದ ಒತ್ತಡ, ಗಾತ್ರ ಅಂತ ಪಕ್ಕದ ತರಗತಿಯ ವಿಜ್ಞಾನದ ಮೇಡಂ ಪಾಠ ಮಾಡುತ್ತಿದ್ದದ್ದು ಕಿವಿಗೆ ಬಿದ್ದ ಮೇಲೆ ಬೆಳಕಾಯಿತು.

ಹಾಗಾಗಿ ನನಗೆ ಬೇಕಾದದ್ದು ಇಷ್ಟು. ಬಟ್ಟೆಯದ್ದಾಗಬೇಕು, ತೊಳೆಯಲು ಬರಬೇಕು. ಒಂದೊಂದು ಪೆನ್ನಿಗೆ ಒಂದೊಂದು ಜಾಗ. ನಿಬ್ಬು ಮೇಲಾಗಿ ನಿಲ್ಲಬೇಕು. ಒಳಗೆ ನೂಲು ಬಿಡಬಾರದು.

ಒಳಗಿನ ಮಾತು ಬಂದದ್ದಕ್ಕೆ ಕಸೂತಿಯ ವಿಚಾರ ಹೇಳಿಬಿಡುತ್ತೇನೆ. ಸಹೋದ್ಯೋಗಿಯೊಬ್ಬರು ಸಂಡೂರಿನಿಂದ ಲಂಬಾಣಿ ಕಸೂತಿಯ ಚೀಲ ತಂದುಕೊಟ್ಟಿದ್ದರು. ಕನ್ನಡಿ, ಕವಡೆ, ಬಣ್ಣ, ಎಷ್ಟು ನೋಡಿದರೂ ಸಾಲದು. ಆದರೆ ಆ ಚೀಲಕ್ಕೆ ಒಳಗೆ ಅಸ್ತರಿ ಇರಲಿಲ್ಲ. ಪ್ರತಿ ಕನ್ನಡಿಯ ಹಿಂದೆ ಗಂಟುಗಳು, ಉದ್ದ ನೂಲುಗಳು. ಕ್ಲಿಪ್ಪು ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಧಾರವಾಡದ ಕಸೂತಿಯಲ್ಲಿ ಈ ಕಾಟವಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗಂಟು ಹಾಕುವುದೇ ಇಲ್ಲ, ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತವೆ. ಅಂಥ ಬಟ್ಟೆಯ ಚೀಲವಿದ್ದರೆ ಅಸ್ತರಿ ಇಲ್ಲದೆಯೂ ನಡೆಯುತ್ತದೆ. ನನ್ನ ಹತ್ತಿರ ಇರಲಿಲ್ಲ. ಲಂಬಾಣಿ ಚೀಲ ಈಗ ಗೋಡೆಯ ಮೇಲಿದೆ. ಅಲ್ಲಿಯೇ ಅದಕ್ಕೆ ಮರ್ಯಾದೆ.

ಸಂಜೆಯ ಹೊತ್ತಿಗೆ ಅತ್ತೆ ಚಹಾ ತಂದರು. ಜಗಲಿಯ ಸಂತೆ ನೋಡಿ, "ಎಂತದೇ ಮಾರಾಯ್ತಿ ಇದು, ಅಂಗಡಿ ಇಡ್ತೀಯಾ?" ಅಂದರು. ಹೇಳಿದೆ. ಅವರು ಒಳಗೆ ಹೋದರು. ಕೈಯಲ್ಲಿ ಅಜ್ಜಿಯ ಕವಳದ, ಅಂದರೆ ಎಲೆ ಅಡಿಕೆಯ, ಸಂಚಿ ಹಿಡಿದುಕೊಂಡು ಬಂದರು.

ಅಜ್ಜಿ ಅಂದರೆ ಅತ್ತೆಯ ಅತ್ತೆ. ತೀರಿಹೋಗಿ 11 ವರ್ಷವಾಯಿತು. ಅತ್ತೆ ಕವಳ ಹಾಕುವುದಿಲ್ಲ. ಆದರೂ ಸಂಚಿ ದೇವರ ಕೋಣೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಲೇ ಇತ್ತು. ಬಂದವರಿಗೆ ಅಡಿಕೆ ಹೋಳು ಮಾಡಿಕೊಡಲು ಅದರೊಳಗಿನ ಅಡಕತ್ತರಿ ಬೇಕಲ್ಲ.

ಸಂಚಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಒಂದು ಚೀಲ ಅಲ್ಲ, ಚೀಲದೊಳಗೆ ಚೀಲ. ನಮ್ಮಜ್ಜಿಯದಕ್ಕೆ ನಾಲ್ಕು ಅಂಕಣ. ದೊಡ್ಡದು ಎಲೆಗೆ, ಎಲೆ ಮಡಚದೆ ಕೂರಬೇಕಾದ್ದರಿಂದ ಅದು ಅಂಗೈಗಿಂತ ಉದ್ದ. ಅದರ ಹಿಂದೆ ಅಡಿಕೆಗೆ ಒಂದು. ಸಣ್ಣದು ಸುಣ್ಣದ ಡಬ್ಬಿಗೆ. ಪಕ್ಕದಲ್ಲಿ ಉದ್ದಕ್ಕೆ, ಕಿರಿದಾಗಿ, ಅಡಕತ್ತರಿಗೆ ಒಂದು. ಅಲಗು ಹರಿಯಬಾರದು ಅಂತ ಅಲ್ಲಿ ಬಟ್ಟೆ ಎರಡು ಪದರ. ಬಾಯಿಗೆ ದಾರ. ಒಂದು ಕಡೆ ಎಳೆದರೆ ಮುಚ್ಚುತ್ತದೆ, ಇನ್ನೊಂದು ಕಡೆ ಎಳೆದರೆ ತೆರೆಯುತ್ತದೆ. ನಾನು ಅಡಕತ್ತರಿ ತೆಗೆದು ಆ ಜಾಗಕ್ಕೆ ಎಬೊನೈಟ್ ಪೆನ್ನು ಇಳಿಸಿದೆ. ಸರಕ್ಕನೆ ಹೋಗಿ ನಿಂತಿತು. ಅಳೆದು ನೋಡಿದೆ, ಮೂರೂವರೆ ಸೆಂಟಿಮೀಟರ್. ನನ್ನ ಲೆಕ್ಕವನ್ನು ಯಾರೋ ನನಗಿಂತ ಮೊದಲೇ ಮಾಡಿಟ್ಟಿದ್ದರು, ಅಡಕತ್ತರಿಗೋಸ್ಕರ.

ಸಂಚಿಗೂ ಬರವಣಿಗೆಗೂ ಹಳೇ ನಂಟಿದೆ, ನೆನಪಾಯಿತು. 17ನೇ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುವ ಊಳಿಗದಲ್ಲಿದ್ದವಳು ಹೊನ್ನಮ್ಮ. ಕಾವ್ಯ ಬರೆದಳು. ಸಂಚಿ ಹೊನ್ನಮ್ಮ ಅಂತಲೇ ಹೆಸರು ನಿಂತಿತು. ಅವಳ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆ ಓಲೆಗರಿ ಕೊರೆಯುವ ಕಂಟವೂ ಇತ್ತೋ ಏನೋ, ನಾನು ಸುಮ್ನೆ ಊಹಿಸಿಕೊಳ್ಳುತ್ತೇನೆ.

ಕೆಲಸ ಇನ್ನೂ ಇತ್ತು. ಸಂಚಿಯ ಮೂಲೆಗಳಲ್ಲಿ ಒಣಗಿದ ಸುಣ್ಣ ಮರಳಿನ ಹಾಗೆ ಕೂತಿತ್ತು. ಅದು ಪೆನ್ನಿನ ಮೈಯನ್ನು ಅರದ ಹಾಗೆ ಕೆರೆಯುತ್ತದೆ. ಒಳಗನ್ನು ಹೊರಗೆ ಮಾಡಿ, ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು, ಮೂರು ನೀರಿನಲ್ಲಿ ತೊಳೆದೆ. ಮಳೆಯಲ್ಲಿ ಒಣಗಲು ಐದು ದಿನ ಹಿಡಿಯಿತು, ಅದೂ ಬಚ್ಚಲ ಒಲೆಯ ಕೃಪೆ. ಕವಳದ ಕಲೆ ಹೋಗಲಿಲ್ಲ. ಆಮೇಲೆ ಎಲೆಯ ಅಂಕಣಕ್ಕೆ ನಡುವೆ ಎರಡು ಸಾಲು ಕೈಹೊಲಿಗೆ ಹಾಕಿ ಮೂರು ಜೇಬು ಮಾಡಿದೆ. ಹೊಲಿಯುವ ಮೊದಲು ಪೆನ್ನುಗಳನ್ನು ಒಳಗಿಟ್ಟು, ಬಟ್ಟೆ ಎಳೆದು, ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡೆ. ಖಾಲಿ ಬಟ್ಟೆಯ ಮೇಲೆ ಗೆರೆ ಎಳೆದು ಹೊಲಿದರೆ ಯಾವಾಗಲೂ ಬಿಗಿಯಾಗುತ್ತದೆ. ಒಳಗೆ ಮಾವನವರ ಹಳೇ ಬಿಳಿ ಪಂಚೆಯ ಅಸ್ತರಿ ಕೊಟ್ಟೆ. ಎಷ್ಟೋ ಸಲ ತೊಳೆದ ಬಟ್ಟೆಯಾದ್ದರಿಂದ ನೂಲು ಬಿಡುವುದಿಲ್ಲ. ಬಿಳಿ ಯಾಕೆಂದರೆ, ಯಾವ ಪೆನ್ನು ಸೋರುತ್ತಿದೆ ಅಂತ ಅವತ್ತೇ ಗೊತ್ತಾಗಲಿ. ಕಪ್ಪು ಅಸ್ತರಿ ಶಾಯಿಯನ್ನು ಬಚ್ಚಿಡುತ್ತದೆ, ತಿಳಿಯುವುದು ನಿಮ್ಮ ಸೀರೆಗೆ ಹತ್ತಿದ ಮೇಲೆ. ಮೇಲೆ ಮಡಚುವ ಪಟ್ಟಿಗೆ ಹೆಗ್ಗೋಡಿನ 'ಚರಕ' ಕೈಮಗ್ಗ ಸಂಘದ ಬಟ್ಟೆಯ ಹಳೇ ಕುರ್ತಾ ಕತ್ತರಿಸಿದೆ. ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಬಣ್ಣದ್ದು. ಕವಳದ ಕಲೆಗೆ ಅದು ಚೆನ್ನಾಗಿ ಹೊಂದಿತು.

ಒಂದು ತಪ್ಪೂ ಮಾಡಿದೆ. ಅಜ್ಜಿಯ ಸುಣ್ಣದ ಡಬ್ಬಿ ಬೆಳ್ಳಿಯದು. ಚೆಂದ ಅಂತ ಅದನ್ನು ಅದರ ಜಾಗದಲ್ಲೇ ಬಿಟ್ಟು ನಿಬ್ಬು ಒರೆಸುವ ಬಟ್ಟೆಚೂರು ತುಂಬಿದ್ದೆ. ಎರಡು ತಿಂಗಳಲ್ಲಿ ಡಬ್ಬಿ ಹೆಂಚಿನ ಹಾಗೆ ಕಪ್ಪಾಯಿತು. ಬೆಳ್ಳಿ ಮಳೆಗಾಲದಲ್ಲಿ ಕಪ್ಪಾಗುವುದೇ. ಆದರೆ ಇಷ್ಟಾಗಿ, ಇಷ್ಟು ಬೇಗ? ಆಮೇಲೆ ಹೊಳೆಯಿತು. ಎಬೊನೈಟ್ ಅಂದರೆ ರಬ್ಬರಿಗೆ ಗಂಧಕ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ್ದು. ಪೆನ್ನು ಉಜ್ಜಿ ಮೂಸಿದರೆ ಆ ವಾಸನೆ ಈಗಲೂ ಬರುತ್ತದೆ. ಆ ಗಂಧಕ ಬೆಳ್ಳಿಗೆ ಶತ್ರು. ಬೆಳ್ಳಿಯ ಮೈಯುಳ್ಳ ಪೆನ್ನಿದ್ದವರು ಅದನ್ನು ಎಬೊನೈಟಿನ ಜೊತೆ ಒಂದೇ ಚೀಲದಲ್ಲಿ ಇಡಬೇಡಿ. ಎಬೊನೈಟಿಗೆ ಮಾತ್ರ ಮುಚ್ಚಿದ ಬಟ್ಟೆಚೀಲ ಬಹಳ ಒಳ್ಳೆಯದು. ಬಿಸಿಲಿಗೆ ಬಿಟ್ಟರೆ ಅದರ ಕಪ್ಪು ಮಾಸಿ ಕಂದಾಗುತ್ತದೆ. ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಅತ್ತೆಗೆ ಏನೂ ಹೇಳದೆ ದೇವರ ಕೋಣೆಗೆ ಸೇರಿಸಿದೆ.

ಸಂಚಿಯನ್ನು ಶಾಲೆಗೆ ತೆಗೆದುಕೊಂಡು ಹೋದ ಮೊದಲ ದಿನ ಸ್ಟಾಫ್ ರೂಮಿನಲ್ಲಿ ಸೊಂಟದಿಂದ ತೆಗೆದ ಹಾಗೆ ತೆಗೆದು ಮೇಜಿನ ಮೇಲಿಟ್ಟೆ. ದಾರ ಎಳೆದೆ. ಎದುರು ಕೂತಿದ್ದ ಹಿರಿಯ ಮೇಷ್ಟ್ರು ಕನ್ನಡಕ ಏರಿಸಿ, "ಟೀಚರೇ, ಯಾವಾಗಿಂದ ಶುರು ಮಾಡಿದ್ರಿ? ನನಗೂ ಒಂದು ಹೋಳು ಕೊಡಿ" ಅಂದರು. ಕೆಂಪು ಶಾಯಿಯ ಪೆನ್ನು ಕೈಗಿಟ್ಟೆ.

ಈ ವರ್ಷದ ಮಳೆಯೂ ಹಿಡಿದಿದೆ. ಸಂಚಿ ರಾತ್ರಿ ಅದರ ಹಳೇ ಮೊಳೆಯಲ್ಲೇ ನೇತಾಡುತ್ತದೆ, ಆದ್ದರಿಂದ ಪೆನ್ನುಗಳು ನಿಂತೇ ಇರುತ್ತವೆ. ಗಾಳಿಯಾಡುತ್ತದೆ, ಇಲ್ಲಿಯವರೆಗೆ ಬೂಷ್ಟು ಬಂದಿಲ್ಲ. ದಪ್ಪ ಜಿನ್‌ಹಾವೊ ಪೆನ್ನು ಮಾತ್ರ ಯಾವ ಜೇಬಿಗೂ ಹೋಗುವುದಿಲ್ಲ, ಅದು ಇನ್ನೂ ಕನ್ನಡಕದ ಡಬ್ಬಿಯಲ್ಲಿದೆ.

ಜಾಗ ಕಳೆದುಕೊಂಡ ಅಡಕತ್ತರಿ ಎಲ್ಲಿಡುವುದು ಅಂತ ಅತ್ತೆ ಸ್ವಲ್ಪ ದಿನ ಗೊಣಗಿದರು. ಆಮೇಲೆ ಅವರೇ ದಾರಿ ಕಂಡುಕೊಂಡರು. ಮೊನ್ನೆ ನೆಂಟರು ಬಂದಾಗ ಅಡಿಗೆಮನೆಯ ಕಪಾಟಿನಿಂದ ಆ ಸೆಟೆದ ಚರ್ಮದ ಕೇಸು ತೆಗೆದು, ಬೂಷ್ಟನ್ನು ಸೆರಗಿನಿಂದ ಒರೆಸಿ, ಅದರೊಳಗಿಂದ ಅಡಕತ್ತರಿ ಎಳೆದರು. "ಅತ್ತೆ, ಅದಕ್ಕೆ ಬೂಷ್ಟು ಬರ್ತದೆ" ಅಂದೆ.

"ಬರ್ಲಿ. ಕಬ್ಬಿಣಕ್ಕೆ ಅದು ಎಂತ ಮಾಡ್ತದೆ?" ಅಂದರು.